ಬೆಳಗಿನ ಮಾತ್ರೆ, ಸಂಜೆಯ ಸಕ್ಕರೆ ಗುಳಿಗೆ

ಥೈರಾಯ್ಡ್ ಮಾತ್ರೆಯ ಜೊತೆ ಹೋಮಿಯೋಪತಿ ತೆಗೆದುಕೊಳ್ಳಬಹುದೇ? ನಮ್ಮ ಊರುಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ವೈದ್ಯರನ್ನು ಕೇಳಲು ಹಿಂಜರಿದು, ಅಕ್ಕಪಕ್ಕದವರನ್ನು ಕೇಳುವ ಪ್ರಶ್ನೆ ಇದು.

ಅರಸೀಕೆರೆಯಲ್ಲಿರುವ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲಿ, ಕಾಫಿ ಫಿಲ್ಟರ್ ಇಡುವ ಗೂಡಿನಲ್ಲೇ ಎರಡು ಔಷಧಗಳೂ ಇರುತ್ತಿದ್ದವು. ಒಂದು ಬಿಳಿ ಡಬ್ಬಿಯಲ್ಲಿ ಥೈರಾಯ್ಡ್ ಮಾತ್ರೆ, 100 ಮೈಕ್ರೋಗ್ರಾಂನದು. ಇನ್ನೊಂದು ಬೆರಳುದ್ದದ ಗಾಜಿನ ಸೀಸೆ. ಅದರ ತುಂಬ ಸಬ್ಬಕ್ಕಿಯಂಥ ಬಿಳಿ ಗುಳಿಗೆ, ಮುಚ್ಚಳದ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ‘2’ ಎಂಬ ಅಂಕಿ.

ಮೂರು ವರ್ಷದ ಹಿಂದೆ ಸಂಕ್ರಾಂತಿಗೆ ಹೋದಾಗ ಗೂಡಿನಲ್ಲಿ ಬಿಳಿ ಡಬ್ಬಿ ಕಾಣಲಿಲ್ಲ. ಎಲ್ಲಿ ಎಂದು ಕೇಳಿದೆ. ‘ಮೂರು ವಾರ ಆಯ್ತು ಕಣೇ ಅದನ್ನ ಬಿಟ್ಟು. ಹೋಮಿಯೋಪತಿ ತಗೋತಿದೀನಲ್ಲ, ಎರಡೂ ಬೆರೆಸಬಾರದಂತೆ. ನೋಡು, ಏನಾದ್ರೂ ಆಗಿದ್ಯಾ ನಂಗೆ? ಆರಾಮಾಗೇ ಇದೀನಿ’ ಎಂದರು. ನಿಜ, ಆರಾಮಾಗೇ ಇದ್ದರು. ಎಳ್ಳು ಬೀರಲು ಬೀದಿಯೆಲ್ಲ ಸುತ್ತಿ ಬಂದರು. ನಾನೂ ಸುಮ್ಮನಾದೆ. ಅಂದು ಸುಮ್ಮನಾದದ್ದಕ್ಕೆ ಇಂದಿಗೂ ನನಗೆ ಬೇಸರವಿದೆ.

ಯುಗಾದಿಗೆ ಮತ್ತೆ ಹೋದೆ. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಚಿಕ್ಕಮ್ಮ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಮುಖ ಊದಿಕೊಂಡಿತ್ತು. ದನಿ ಗೊಗ್ಗರಾಗಿತ್ತು. ಒಬ್ಬಟ್ಟಿಗೆ ಕಣಕ ತಟ್ಟುತ್ತಲೇ ತೂಕಡಿಸಿದರು. ಮೊಣಕೈವರೆಗೆ ಸರಾಗವಾಗಿ ಜಾರುತ್ತಿದ್ದ ಬಳೆಗಳು ಮಣಿಕಟ್ಟಿನಲ್ಲೇ ಕಚ್ಚಿಕೊಂಡಿದ್ದವು. ಮಾರನೆಯ ದಿನ ರಕ್ತಪರೀಕ್ಷೆ ಮಾಡಿಸಿದೆವು. ಟಿಎಸ್‌ಎಚ್ 68 ಬಂತು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ತುಸು ವ್ಯತ್ಯಾಸವಿದ್ದರೂ, ವಯಸ್ಕರಲ್ಲಿ ಅದು ಸುಮಾರು 0.4ರಿಂದ 4.5ರ ಒಳಗೆ ಇರಬೇಕು.

ಮಾತ್ರೆ ಬಿಡಲು ಹೇಳಿದ್ದು ಯಾರು? ಹೋಮಿಯೋಪತಿ ವೈದ್ಯರು ಹೇಳಿರಲಿಲ್ಲ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಗುಳಿಗೆಯ ಸಂಗತಿಯೇ ಗೊತ್ತಿರಲಿಲ್ಲ. ‘ಎರಡೂ ಬೆರೆಸಬಾರದು’ ಎಂದದ್ದು ಹಾಸನದ ಬಸ್ಸಿನಲ್ಲಿ ಪಕ್ಕ ಕೂತಿದ್ದವರು. ಬೆರೆತರೆ ಏನೋ ಆಗಿಬಿಡುತ್ತದೆ ಎಂಬ ಭಯಕ್ಕೆ ಚಿಕ್ಕಮ್ಮ ಒಂದನ್ನು ಬಿಟ್ಟರು. ಬಿಟ್ಟದ್ದು ಬಿಡಬಾರದ್ದನ್ನು.

ಈ ಲೇಖನ ಬರೆಯಲು ಅದೇ ಕಾರಣ. ಎರಡನ್ನೂ ತೆಗೆದುಕೊಳ್ಳುವುದರಿಂದ ಆಗುವ ತೊಂದರೆ ಬಹುಮಟ್ಟಿಗೆ ಕಡಿಮೆ, ಅದನ್ನು ತಪ್ಪಿಸುವ ದಾರಿಯೂ ಸುಲಭ. ಬೆರೆಸಬಾರದು ಎಂಬ ಹೆದರಿಕೆಯಿಂದ ಮಾತ್ರೆ ಬಿಡುವುದು ಮಾತ್ರ ಜೀವಕ್ಕೇ ಎರವಾಗಬಹುದು.

ಕತ್ತಿನಲ್ಲೊಂದು ಚಿಟ್ಟೆ

ಥೈರಾಯ್ಡ್ ಎಂಬುದು ಕಾಯಿಲೆಯ ಹೆಸರಲ್ಲ. ಕತ್ತಿನ ಮುಂಭಾಗದಲ್ಲಿ, ಗಂಟಲ ಗಡ್ಡೆಯ ಕೆಳಗೆ, ರೆಕ್ಕೆ ಹರಡಿದ ಚಿಟ್ಟೆಯ ಹಾಗೆ ಕೂತಿರುವ ಗ್ರಂಥಿಯ ಹೆಸರು. ಊಟದಲ್ಲಿ ಸಿಗುವ ಅಯೋಡಿನ್ ಬಳಸಿ ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಟಿ4 ಎಂದು ವರದಿಯಲ್ಲಿ ಕಾಣುವುದು ಇದೇ. ಹೃದಯ ಎಷ್ಟು ಬೇಗ ಬಡಿಯಬೇಕು, ಕರುಳು ಎಷ್ಟು ಚುರುಕಾಗಿ ಚಲಿಸಬೇಕು, ಮೈ ಎಷ್ಟು ಬೆಚ್ಚಗಿರಬೇಕು ಎಂಬುದರಲ್ಲೆಲ್ಲ ಇದರ ಕೈವಾಡವಿದೆ. ಥೈರಾಕ್ಸಿನ್ ಕಡಿಮೆಯಾದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ‘ಇನ್ನಷ್ಟು ಬೇಕು’ ಎಂದು ಕೂಗು ಹಾಕುತ್ತದೆ. ಆ ಕೂಗೇ ಟಿಎಸ್‌ಎಚ್. ವರದಿಯಲ್ಲಿ ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಹಿಂದೆ ಬಿದ್ದಿದೆ ಎಂದರ್ಥ.

ಬೆಂಗಳೂರು ಸೇರಿ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಗೆ ಒಳಗಾದ ವಯಸ್ಕರಲ್ಲಿ ಶೇ 11ರಷ್ಟು ಜನರಿಗೆ ಗ್ರಂಥಿಯ ಕೆಲಸ ಕುಗ್ಗುವ ಹೈಪೋಥೈರಾಯ್ಡ್ ಇತ್ತು. ಅಂದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಿ ಗ್ರಂಥಿಯ ಮೇಲೆ ಎರಗುವ ಹಶಿಮೊಟೊ ಎಂಬ ಸ್ಥಿತಿ ಇದಕ್ಕೊಂದು ಮುಖ್ಯ ಕಾರಣ. ಹಾಗೆ ಸವೆದುಹೋದ ಗ್ರಂಥಿ ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ. ಆದ್ದರಿಂದಲೇ ವೈದ್ಯರು ‘ಜೀವನಪೂರ್ತಿ ಮಾತ್ರೆ’ ಎನ್ನುವುದು.

870 ಕುರಿಗಳ ಋಣ

‘ಜೀವನಪೂರ್ತಿ ಇಂಗ್ಲಿಷ್ ಔಷಧ ನುಂಗಬೇಕಾ?’ ಎಂಬ ಅಳುಕು ಎಲ್ಲ ಮನೆಗಳಲ್ಲೂ ಇದೆ. ಅಭ್ಯಾಸ ಆಗಿಬಿಡುತ್ತದೆ, ಹೀಟ್ ಆಗುತ್ತದೆ, ಕಿಡ್ನಿ ಹೋಗುತ್ತದೆ ಎಂಬ ಮಾತುಗಳು ಮದುವೆಮನೆಯ ಪಂಕ್ತಿಯಲ್ಲೂ ಕೇಳುತ್ತವೆ. ಈ ಅಳುಕನ್ನು ಕಳೆಯಬಲ್ಲ ಕಥೆಯೊಂದಿದೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1891ರಲ್ಲಿ ಜಾರ್ಜ್ ಮರ್ರೆ ಎಂಬ ತರುಣ ವೈದ್ಯರ ಬಳಿಗೆ 46 ವರ್ಷದ ಹೆಂಗಸೊಬ್ಬರು ಬಂದರು. ಊದಿದ ಮುಖ, ತೊದಲುವ ಮಾತು, ಸದಾ ಚಳಿ. ಆಗ ಈ ಕಾಯಿಲೆಗೆ ಮದ್ದಿರಲಿಲ್ಲ. ರೋಗಿ ನಿಧಾನವಾಗಿ ಮಂಕಾಗುತ್ತ ಸಾಯುವುದನ್ನು ನೋಡಬೇಕಿತ್ತು. ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ರಸ ತೆಗೆದು ಚುಚ್ಚುಮದ್ದಾಗಿ ಕೊಟ್ಟರು. ಕೆಲವೇ ತಿಂಗಳಲ್ಲಿ ಆಕೆ ಚೇತರಿಸಿಕೊಂಡರು. ಮುಂದೆ ಅದನ್ನೇ ಬಾಯಲ್ಲಿ ತೆಗೆದುಕೊಳ್ಳುತ್ತ ಇನ್ನೂ 28 ವರ್ಷ ಬದುಕಿ, 1919ರಲ್ಲಿ 74ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ವರ್ಷ ಆಕೆಯನ್ನು ಉಳಿಸಿದ ಔಷಧಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು ಎಂದು ಮರ್ರೆ ಅವರೇ ಲೆಕ್ಕ ಬರೆದಿಟ್ಟಿದ್ದಾರೆ.

ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಥೈರಾಕ್ಸಿನ್ ಅನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. 1927ರಲ್ಲಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವುದು ಸಾಧ್ಯವಾಯಿತು. ಇಂದು ಎಲ್ಟ್ರಾಕ್ಸಿನ್, ಥೈರೋನಾರ್ಮ್ ಮುಂತಾದ ಹೆಸರಿನಲ್ಲಿ ಸಿಗುವ ಲೆವೊಥೈರಾಕ್ಸಿನ್, ನಮ್ಮ ಗ್ರಂಥಿ ತಯಾರಿಸುವ ಟಿ4 ಹಾರ್ಮೋನೇ. ಮನೆಯ ಬಾವಿ ಬತ್ತಿದಾಗ ಹೊರಗಿನಿಂದ ನೀರು ತಂದು ತುಂಬುತ್ತೇವಲ್ಲ, ಹಾಗೆ. ಬಾವಿ ಬತ್ತಿದ ಮನೆಯವರು ದಿನಾ ನೀರು ತರುವುದನ್ನು ಯಾರೂ ಚಟ ಎನ್ನುವುದಿಲ್ಲ. ಸರಿಯಾದ ಪ್ರಮಾಣದಲ್ಲಿರುವಾಗ ಈ ಮಾತ್ರೆಯಿಂದ ಅಡ್ಡಪರಿಣಾಮ ತೀರಾ ಕಡಿಮೆ. ಪ್ರಮಾಣ ಹೆಚ್ಚಾದರೆ ಮಾತ್ರ ಎದೆಬಡಿತ, ಬೆವರು, ನಿದ್ದೆಗೇಡು, ಮೂಳೆ ಸವೆತದಂಥ ತೊಂದರೆ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಟಿಎಸ್‌ಎಚ್ ನೋಡಿಸಬೇಕು ಎನ್ನುವುದು ಅದಕ್ಕೇ.

ಏಳು ದಿನದ ಲೆಕ್ಕ

ಚಿಕ್ಕಮ್ಮ ಮೂರು ವಾರ ಆರಾಮಾಗಿದ್ದದ್ದು ಹೇಗೆ? ಅಲ್ಲೇ ಇದೆ ಮೋಸ ಹೋಗುವ ಜಾಗ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 7 ದಿನ ಬೇಕು. ಇಂದು ಮಾತ್ರೆ ನಿಲ್ಲಿಸಿದರೆ ಒಂದು ವಾರದ ನಂತರವೂ ಹಳೆಯ ದಾಸ್ತಾನಿನ ಅರ್ಧ ಉಳಿದಿರುತ್ತದೆ. ಎರಡು ವಾರಕ್ಕೆ ಕಾಲು ಭಾಗ, ಮೂರು ವಾರಕ್ಕೆ ಎಂಟರಲ್ಲೊಂದು ಭಾಗ. ಗ್ರಂಥಿ ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೆ ಇಳಿಕೆ ಇನ್ನೂ ನಿಧಾನ.

ತಲೆನೋವಿನ ಮಾತ್ರೆ ಬಿಟ್ಟರೆ ಸಂಜೆಗೇ ತಲೆ ಸಿಡಿಯುತ್ತದೆ. ಥೈರಾಯ್ಡ್ ಮಾತ್ರೆ ಹಾಗಲ್ಲ. ಬಿಟ್ಟ ಮರುದಿನ ಏನೂ ಆಗುವುದಿಲ್ಲ, ಮರುವಾರವೂ ಹೆಚ್ಚೇನೂ ಗೊತ್ತಾಗುವುದಿಲ್ಲ. ಇದೇ ಹೊತ್ತಿಗೆ ಹೊಸ ಗುಳಿಗೆ ಶುರು ಮಾಡಿದ್ದರೆ, ಆರಾಮಾಗಿರುವುದು ಗುಳಿಗೆಯಿಂದಲೇ ಎಂದು ಅನಿಸುವುದು ಸಹಜ. ವಾಸ್ತವದಲ್ಲಿ ಆಕೆಯನ್ನು ನಡೆಸುತ್ತಿರುವುದು ಬಿಟ್ಟುಬಂದ ಮಾತ್ರೆಯ ಉಳಿಕೆ. ಅದು ತೀರಿದ ಮೇಲೆ ಬರುವ ಸುಸ್ತು, ಮಲಬದ್ಧತೆ, ಮರೆವು, ಕೂದಲು ಉದುರುವುದು ಎಲ್ಲವೂ ಇಬ್ಬನಿಯ ಹಾಗೆ ಸದ್ದಿಲ್ಲದೆ ಇಳಿಯುತ್ತವೆ. ವಯಸ್ಸಾಯಿತು, ಕೆಲಸ ಜಾಸ್ತಿಯಾಯಿತು ಎಂದು ಮನೆಯವರೂ ಸುಮ್ಮನಾಗುತ್ತಾರೆ.

ಪರೀಕ್ಷೆಯ ಲೆಕ್ಕವೂ ಇದಕ್ಕೆ ಹೊಂದಿಕೊಂಡೇ ಇದೆ. ಮಾತ್ರೆಯ ಪ್ರಮಾಣ ಬದಲಾದ ಮೇಲೆ ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬಂದು ನಿಲ್ಲಲು 6ರಿಂದ 8 ವಾರ ಬೇಕು. 15 ದಿನಕ್ಕೇ ಪರೀಕ್ಷೆ ಮಾಡಿಸಿ ‘ಗುಳಿಗೆ ಕೆಲಸ ಮಾಡಿದೆ’ ಎಂದೋ, ‘ಮಾಡಿಲ್ಲ’ ಎಂದೋ ತೀರ್ಮಾನಕ್ಕೆ ಬರಬಾರದು.

ಕಂಕನಾಡಿಯ ಆಲದ ನೆರಳು

ಹೋಮಿಯೋಪತಿ ನಮ್ಮ ಜನರಿಗೆ ಇಂದು ನಿನ್ನೆಯ ಪರಿಚಯವಲ್ಲ. ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ 18ನೇ ಶತಮಾನದ ಕೊನೆಯಲ್ಲಿ ರೂಪಿಸಿದ ಈ ಪದ್ಧತಿ 19ನೇ ಶತಮಾನದಲ್ಲೇ ಕರಾವಳಿಗೆ ಬಂತು. ಜರ್ಮನ್ ಜೆಸ್ಯುಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ, ಆಲದ ಮರದಡಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. ಆ ನೆರಳಿನಿಂದ ಬೆಳೆದ ಸಂಸ್ಥೆಯಡಿ ಇಂದು ಆಧುನಿಕ ವೈದ್ಯಕೀಯ ಕಾಲೇಜೂ ಇದೆ, ಹೋಮಿಯೋಪತಿ ಕಾಲೇಜೂ ಇದೆ. ರೋಗಿ ಎರಡೂ ಕಡೆ ಹೋಗುವುದು ಈ ನಾಡಿನಲ್ಲಿ ಹಳೆಯ ರೂಢಿ. ‘ಹೋಗಬೇಡಿ’ ಎಂದು ಗದರಿದರೆ ಜನ ಹೋಗುವುದನ್ನು ನಿಲ್ಲಿಸುವುದಿಲ್ಲ, ಹೇಳುವುದನ್ನು ನಿಲ್ಲಿಸುತ್ತಾರೆ.

ಯಾಕೆ ಹೋಗುತ್ತಾರೆ ಎಂಬುದನ್ನೂ ತಿಳಿಯಬೇಕು. ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಟೋಕನ್ ಹಿಡಿದು ಎರಡು ಗಂಟೆ ಕೂತರೆ, ಒಳಗೆ ಮಾತು ಮೂರೇ ನಿಮಿಷ. ‘ರಿಪೋರ್ಟ್ ನಾರ್ಮಲ್ ಇದೆ, ಅದೇ ಡೋಸ್ ಮುಂದುವರಿಸಿ.’ ಹೋಮಿಯೋಪತಿ ವೈದ್ಯರ ಮುಂದೆ ಮುಕ್ಕಾಲು ಗಂಟೆ ಕೂರಬಹುದು. ಚಳಿ ಹೆಚ್ಚೋ ಸೆಖೆಯೋ, ಉಪ್ಪು ಬೇಕೆನಿಸುತ್ತದೋ ಸಿಹಿಯೋ, ನಿದ್ದೆ ಹೇಗೆ, ಅಳು ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ಮನೆಯಲ್ಲಿ ಯಾರೂ ಕೇಳದ್ದನ್ನು ಒಬ್ಬರು ಕೇಳಿದರು ಎಂಬುದೇ ಎಷ್ಟೋ ಹೆಂಗಸರಿಗೆ ಸಮಾಧಾನ. ಅದನ್ನು ಹಗುರವಾಗಿ ಕಾಣಬಾರದು.

ಟಿಎಸ್‌ಎಚ್ ಸರಿಯಿದ್ದರೂ ಸುಸ್ತು, ಮೈಭಾರ ಹೋಗದಿರುವವರು ಇದ್ದಾರೆ, ಅದು ಸುಳ್ಳಲ್ಲ. ಆದರೆ ಅವರು ಮೊದಲು ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ನೋಡಿಸಬೇಕು. ನಿದ್ದೆ, ಮನಸ್ಸಿನ ಖಿನ್ನತೆ, ಮುಟ್ಟು ನಿಲ್ಲುವ ಕಾಲದ ಏರುಪೇರುಗಳ ಬಗ್ಗೆ ಕೇಳಬೇಕು. ‘ಎಲ್ಲ ಥೈರಾಯ್ಡ್‌ನಿಂದಲೇ’ ಎಂದುಕೊಂಡು ಔಷಧ ಬದಲಿಸುತ್ತ ಹೋದರೆ ನಿಜವಾದ ಕಾರಣ ಮರೆಯಲ್ಲೇ ಉಳಿಯುತ್ತದೆ.

ಗುಳಿಗೆಯೊಳಗೆ ಏನಿದೆ?

ಹೋಮಿಯೋಪತಿ ಔಷಧ ಮೂಲವಸ್ತುವನ್ನು ಮತ್ತೆ ಮತ್ತೆ ತೆಳುವಾಗಿಸಿ ಮಾಡಿದ್ದು. ಹೆಸರಿನ ಮುಂದೆ ‘ಸಿ’ ಇದ್ದರೆ ಪ್ರತಿ ಹಂತದಲ್ಲೂ ನೂರಕ್ಕೆ ಒಂದರಂತೆ, ‘ಎಕ್ಸ್’ ಇದ್ದರೆ ಹತ್ತಕ್ಕೆ ಒಂದರಂತೆ ತೆಳುವಾಗಿಸಲಾಗಿದೆ. 30ಸಿ ಎಂದರೆ 1ರ ಮುಂದೆ 60 ಸೊನ್ನೆ ಇಟ್ಟಷ್ಟು ಪಾಲಿನಲ್ಲಿ ಒಂದು ಪಾಲು. ರಸಾಯನಶಾಸ್ತ್ರದ ಲೆಕ್ಕದಲ್ಲಿ 12ಸಿ ದಾಟಿದರೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 30, 200, 1ಎಂ ಎಂದು ಬರೆದ ಗುಳಿಗೆಗಳು ಥೈರಾಕ್ಸಿನ್ ಜೊತೆ ರಾಸಾಯನಿಕವಾಗಿ ಕಾದಾಡುವ ಭಯ ಬೇಡ. ಬಯೋಕೆಮಿಕ್ ಮಾತ್ರೆ ಕಲ್ಕೇರಿಯಾ ಫಾಸ್ 6ಎಕ್ಸ್‌ನಲ್ಲಿ ಸುಣ್ಣದ ಅಂಶ 10 ಲಕ್ಷಕ್ಕೆ ಒಂದು ಪಾಲು, ಉಳಿದದ್ದೆಲ್ಲ ಹಾಲಿನ ಸಕ್ಕರೆ. ಮೂಳೆಗೆಂದು ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆಯ ಜೊತೆ ಇದನ್ನು ಹೋಲಿಸುವಂತಿಲ್ಲ.

ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಥೈರಾಕ್ಸಿನ್‌ಗೆ ಅಡ್ಡ ಬರಲು ವಸ್ತುವೇ ಇಲ್ಲದ ಗುಳಿಗೆಯಲ್ಲಿ ಥೈರಾಕ್ಸಿನ್‌ನ ಜಾಗ ತುಂಬಲೂ ವಸ್ತು ಇಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯ ಅಧ್ಯಯನಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೆ ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲ ಎಂದು 2015ರಲ್ಲಿ ಹೇಳಿತು. ನಮ್ಮಲ್ಲಿ ದೆಹಲಿಯ ಶಾಲಾ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೋಮಿಯೋಪತಿಯ ಪರವಾಗಿ ಆಶಾದಾಯಕ ಮಾತು ಹೇಳಿದ್ದುಂಟು. ಅದು ಅತಿ ಸೌಮ್ಯ ಹಂತದ ಥೈರಾಯ್ಡ್ ತೊಂದರೆಯಿದ್ದ ಮಕ್ಕಳನ್ನು ಕುರಿತದ್ದು, ಮಕ್ಕಳ ಸಂಖ್ಯೆಯೂ ಚಿಕ್ಕದು. ಥೈರಾಕ್ಸಿನ್ ಬೇಕೇಬೇಕಾದವರು ಅದನ್ನು ಬಿಟ್ಟು ಗುಳಿಗೆ ನಂಬಬಹುದು ಎಂದು ಅದು ಹೇಳುವುದಿಲ್ಲ.

ಎಚ್ಚರ ಬೇಕಾದದ್ದು ಇಲ್ಲಿ

ಹೋಮಿಯೋಪತಿ ಎಂಬ ಹೆಸರಿನಡಿ ಬರುವ ಎಲ್ಲವೂ ಅಷ್ಟು ತೆಳುವಾಗಿರುವುದಿಲ್ಲ. ಮದರ್ ಟಿಂಕ್ಚರ್ ಎಂದರೆ ತೆಳುವಾಗಿಸದ ಮೂಲದ್ರಾವಣ. ಲೇಬಲ್ ಮೇಲೆ ‘ಕ್ಯೂ’ ಎಂದಿರುತ್ತದೆ. ತೂಕ ಇಳಿಸಲು, ಥೈರಾಯ್ಡ್‌ಗೆ ಎಂದು ಜನ ಕೊಳ್ಳುವ ಫ್ಯೂಕಸ್ ವೆಸಿಕ್ಯುಲೋಸಸ್ ಇಂಥದ್ದೊಂದು. ಅದು ಅಯೋಡಿನ್ ತುಂಬಿದ ಕಡಲಪಾಚಿಯ ರಸ. ಅಯೋಡಿಯಂ, ಸ್ಪಾಂಜಿಯಾ, ಕಲ್ಕೇರಿಯಾ ಅಯೋಡೇಟಾ, ಕಾಲಿ ಅಯೋಡೇಟಂಗಳಲ್ಲೂ ಮೂಲವಸ್ತುವಿನಲ್ಲಿ ಅಯೋಡಿನ್ ಇದೆ. 30ಸಿ ಆದರೆ ಚಿಂತೆಯಿಲ್ಲ. 3ಎಕ್ಸ್ ಎಂದರೆ ಸಾವಿರಕ್ಕೆ ಒಂದು ಪಾಲು. ಅಯೋಡಿಯಂ 3ಎಕ್ಸ್‌ನ ಒಂದು ಮಿಲಿಲೀಟರಿನಲ್ಲಿ ಸುಮಾರು 1000 ಮೈಕ್ರೋಗ್ರಾಂ ಅಯೋಡಿನ್ ಇರಬಹುದು. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 150 ಮೈಕ್ರೋಗ್ರಾಂ. ನಮ್ಮ ಅಡುಗೆ ಉಪ್ಪಿನಲ್ಲೇ ಅಯೋಡಿನ್ ಬೆರೆತು ಬರುತ್ತಿರುವಾಗ ಈ ಹೆಚ್ಚುವರಿ ಅಯೋಡಿನ್ ಹಶಿಮೊಟೊ ಇರುವವರ ಗ್ರಂಥಿಯನ್ನು ಇನ್ನಷ್ಟು ಕುಗ್ಗಿಸಬಹುದು. ಗಂಟು ಇರುವ ಗ್ರಂಥಿಯಾದರೆ ಉಲ್ಟಾ ಹೊಡೆದು ಹಾರ್ಮೋನ್ ಉಕ್ಕಿ ಹರಿಯಬಹುದು.

ಥೈರಾಯ್ಡಿನಂ ಎಂಬ ಔಷಧ ಪ್ರಾಣಿಯ ಥೈರಾಯ್ಡ್ ಗ್ರಂಥಿಯಿಂದಲೇ ಮಾಡಿದ್ದು. 200ರ ಶಕ್ತಿಯಲ್ಲಿ, ಅಂದರೆ ಅಷ್ಟು ಬಾರಿ ತೆಳುವಾಗಿಸಿದಾಗ, ಅದರಲ್ಲಿ ಏನೂ ಉಳಿದಿರುವುದಿಲ್ಲ. 3ಎಕ್ಸ್‌ನಂಥ ಕೆಳಶಕ್ತಿಯಲ್ಲಿ ಗ್ರಂಥಿಯ ಅಂಶ ನಿಜವಾಗಿಯೂ ಇರುತ್ತದೆ. ಹಾರ್ಮೋನ್ ಮಾತ್ರೆಯ ಮೇಲೆ ಇದನ್ನೂ ಸೇರಿಸಿದರೆ, ವಿಶೇಷವಾಗಿ ಹೃದಯದ ತೊಂದರೆ ಇರುವ ಹಿರಿಯರಲ್ಲಿ, ಎದೆಬಡಿತ ಏರುಪೇರಾಗುವ ಭಯವಿದೆ.

ಹೆಸರಿಲ್ಲದ ಸೀಸೆಯ ವಿಷಯಕ್ಕೆ ಬರೋಣ. ಚಿಕ್ಕಮ್ಮನ ಸೀಸೆಯ ಮೇಲೆ ಇದ್ದದ್ದು ‘2’ ಮಾತ್ರ. ಒಳಗೇನಿದೆ ಎಂದು ತುರ್ತಿನಲ್ಲಿ ಆಸ್ಪತ್ರೆಯವರು ಕೇಳಿದರೆ ಹೇಳಲು ದಾರಿಯೇ ಇರಲಿಲ್ಲ. ಔಷಧದ ಹೆಸರು, ಅದರ ಶಕ್ತಿ, ತೆಗೆದುಕೊಳ್ಳುವ ಪ್ರಮಾಣ ಬರೆದ ಚೀಟಿ ಕೇಳಿ ಪಡೆಯಿರಿ. ಅದು ರೋಗಿಯ ಹಕ್ಕು. ಬರೆದುಕೊಡಲು ಒಪ್ಪದವರ ಪುಡಿಪೊಟ್ಟಣ ಮನೆಗೆ ತರಬೇಡಿ.

‘ಗುಣವಾಯಿತು’ ಎಂಬ ಮಾತಿನ ಹಿಂದೆ

‘ನಮ್ಮ ಅತ್ತಿಗೆಗೆ ಹೋಮಿಯೋಪತಿಯಲ್ಲೇ ಥೈರಾಯ್ಡ್ ಪೂರ್ತಿ ಹೋಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಅತ್ತಿಗೆಯ ಟಿಎಸ್‌ಎಚ್ ನಿಜವಾಗಿಯೂ ಇಳಿದಿರಬಹುದು. ಅದಕ್ಕೆ ಬೇರೆ ಕಾರಣಗಳಿವೆ.

ಹೆರಿಗೆಯಾದ ವರ್ಷದೊಳಗೆ ಕೆಲವು ತಾಯಂದಿರಿಗೆ ಥೈರಾಯ್ಡ್ ಉರಿಯೂತ ಬರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿಯೇ ಇಳಿದು ಗ್ರಂಥಿ ಮೊದಲಿನಂತಾಗುತ್ತದೆ. ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ 5, 6, 7ರ ಆಸುಪಾಸಿನಲ್ಲಿರುವ ಸೌಮ್ಯ ಹಂತವೂ ಎಷ್ಟೋ ಜನರಲ್ಲಿ ಔಷಧವಿಲ್ಲದೆ ಸರಿಹೋಗುತ್ತದೆ. ಆದ್ದರಿಂದಲೇ ವೈದ್ಯರು ಇಂಥವರಿಗೆ ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಆ ನಡುವೆ ಯಾವ ಗುಳಿಗೆ ನುಂಗಿದ್ದರೂ ಕೀರ್ತಿ ಗುಳಿಗೆಗೆ ಸೇರುತ್ತದೆ. ಅತ್ತಿಗೆಯ ಗ್ರಂಥಿ ಬೇರೆ, ನಿಮ್ಮ ಗ್ರಂಥಿ ಬೇರೆ.

ಮಾತ್ರೆ ಬೇಕೇ ಬೇಡವೇ ಎಂಬ ಅನುಮಾನ ನಿಮಗೂ ಇದ್ದರೆ ಅದನ್ನು ವೈದ್ಯರ ಮುಂದಿಡಿ. ಸೌಮ್ಯ ಹಂತದಲ್ಲಿ ಶುರುವಾದ ಮಾತ್ರೆಯನ್ನು ವೈದ್ಯರ ಕಣ್ಣೆದುರೇ ನಿಲ್ಲಿಸಿ, 6ರಿಂದ 8 ವಾರಕ್ಕೆ ಪರೀಕ್ಷೆ ಮಾಡಿ ನೋಡುವ ದಾರಿಯಿದೆ. ಕದ್ದು ಬಿಡುವ ಅಗತ್ಯವಿಲ್ಲ.

‘ಥೈರಾಯ್ಡ್‌ಗೆ ಶಾಶ್ವತ ಪರಿಹಾರ’ ಎಂದು ಗೋಡೆಗಳ ಮೇಲೆ, ಮೊಬೈಲಿನಲ್ಲಿ ಕಾಣುವ ಜಾಹೀರಾತಿನ ಬಗ್ಗೆಯೂ ಒಂದು ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯಲ್ಲಿ, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಿದೆ. ಥೈರಾಯ್ಡ್ ಊದಿಕೊಳ್ಳುವ ಗಳಗಂಡ ಆ ಪಟ್ಟಿಯಲ್ಲಿದೆ.

ದಿನಚರಿ ಹೀಗಿರಲಿ

ಎರಡನ್ನೂ ತೆಗೆದುಕೊಳ್ಳುವವರಿಗೆ ಬೇಕಾದದ್ದು ಸಮಯದ ಶಿಸ್ತು. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಥೈರಾಯ್ಡ್ ಮಾತ್ರೆ. ಕಾಫಿ, ಟೀ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ನಮ್ಮ ಕಡೆ ಡಿಕಾಕ್ಷನ್ ಇಳಿಯುವ ಹೊತ್ತಿಗೇ ಮಾತ್ರೆ ನೆನಪಾಗುತ್ತದೆ. ಕಾಫಿ ಮಾತ್ರೆಯ ಹೀರುವಿಕೆಯನ್ನು ತಗ್ಗಿಸುತ್ತದೆ ಎಂಬುದು ಗೊತ್ತಿರುವ ಸಂಗತಿ. ಹೋಮಿಯೋಪತಿಯ ಹನಿಯೂ ಗುಳಿಗೆಯೂ ಆ ಹೊತ್ತಿಗೆ ಬೇಡ. ಅವನ್ನು ತಿಂಡಿಯಾಗಿ ಒಂದು ಗಂಟೆಯ ಮೇಲೆ ಅಥವಾ ಸಂಜೆಗೆ ಇಟ್ಟುಕೊಳ್ಳಿ. ಮಾತ್ರೆಗೆ ಅದರದೇ ಹೊತ್ತು ಮೀಸಲಾಗಿದ್ದರೆ ಗೊಂದಲವೇ ಇರುವುದಿಲ್ಲ.

ನಿಜವಾಗಿ ಅಡ್ಡ ಬರುವವು ಬೇರೆ ಇವೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆಯುರಿಯ ಆಂಟಾಸಿಡ್‌ಗಳನ್ನು ಥೈರಾಯ್ಡ್ ಮಾತ್ರೆಯಿಂದ 4 ಗಂಟೆ ದೂರವಿಡಬೇಕು. ಕೂದಲು ಉದುರುತ್ತದೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಯಂತೂ ರಕ್ತಪರೀಕ್ಷೆಯ ವರದಿಯನ್ನೇ ದಿಕ್ಕು ತಪ್ಪಿಸಬಲ್ಲದು. ಪರೀಕ್ಷೆಗೆ ಎರಡು ದಿನ ಮೊದಲೇ ಅದನ್ನು ನಿಲ್ಲಿಸಿ, ಪ್ರಯೋಗಾಲಯದವರಿಗೂ ತಿಳಿಸಿ. ಮಾತ್ರೆಯ ಡಬ್ಬಿಯನ್ನು ಒಲೆಯ ಬಿಸಿ, ಬಿಸಿಲು, ತೇವದಿಂದ ದೂರವಿಡಿ. ಒಂದು ದಿನ ಮರೆತರೆ ಗಾಬರಿ ಬೇಡ, ಏಳು ದಿನದ ಲೆಕ್ಕ ಅಲ್ಲಿ ನಿಮ್ಮ ನೆರವಿಗಿದೆ.

ಹೊಸದಾಗಿ ಹೋಮಿಯೋಪತಿ ಶುರು ಮಾಡಿದರೆ ಮಾತ್ರೆಯ ಪ್ರಮಾಣ ಬದಲಿಸದೆ 6ರಿಂದ 8 ವಾರಕ್ಕೆ ಒಮ್ಮೆ ಟಿಎಸ್‌ಎಚ್ ನೋಡಿಸಿ. ಅದರಲ್ಲಿ ವ್ಯತ್ಯಾಸ ಕಂಡರೆ ಪ್ರಮಾಣ ತಿದ್ದುವುದು ಮಾತ್ರೆ ಬರೆದ ವೈದ್ಯರ ಕೆಲಸ.

ಇವರು ಪ್ರಯೋಗಕ್ಕೆ ಇಳಿಯಲೇಬಾರದು

ಶಸ್ತ್ರಚಿಕಿತ್ಸೆಯಲ್ಲಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆದವರಲ್ಲಿ ಚೇತರಿಸಿಕೊಳ್ಳಲು ಗ್ರಂಥಿಯೇ ಇಲ್ಲ. ವಿಕಿರಣ ಅಯೋಡಿನ್ ಚಿಕಿತ್ಸೆಯಾದವರಲ್ಲೂ ಬಹುಮಟ್ಟಿಗೆ ಅದೇ ಸ್ಥಿತಿ. ಮಾತ್ರೆಯೇ ಅವರ ಗ್ರಂಥಿ. ಬಹುಕಾಲ ಬಿಟ್ಟರೆ ಮೈ ತಣ್ಣಗಾಗಿ, ಹೃದಯದ ಬಡಿತ ಕುಸಿದು, ಪ್ರಜ್ಞೆ ತಪ್ಪುವ ಮಿಕ್ಸಿಡಿಮಾ ಕೋಮಾ ಬರಬಹುದು. ಅದು ಪ್ರಾಣಕ್ಕೆ ಸಂಚಕಾರ.

ಗರ್ಭಿಣಿಯರಿಗೆ ಮೊದಲ ವಾರಗಳಿಂದಲೇ ಹೆಚ್ಚು ಥೈರಾಕ್ಸಿನ್ ಬೇಕು. ಮೊದಲ ಮೂರು ತಿಂಗಳು ಹೊಟ್ಟೆಯೊಳಗಿನ ಕೂಸಿನ ಮೆದುಳು ಬೆಳೆಯುವುದು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡು. ಮುಟ್ಟು ನಿಂತಿತು ಎಂದು ಖಚಿತವಾದ ದಿನವೇ ವೈದ್ಯರಿಗೆ ಹೇಳಿ ಪ್ರಮಾಣ ಹೊಂದಿಸಿಕೊಳ್ಳಬೇಕು. ಥೈರಾಯ್ಡ್ ಇಲ್ಲದೆಯೋ ದುರ್ಬಲವಾಗಿಯೋ ಹುಟ್ಟಿದ ಮಗುವಿಗೆ ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾಗಬೇಕು. ತಡವಾದಷ್ಟೂ ಬುದ್ಧಿಮಟ್ಟ ಕುಗ್ಗುತ್ತದೆ, ಆ ನಷ್ಟವನ್ನು ಮುಂದೆ ಯಾವ ಔಷಧವೂ ತುಂಬಿಕೊಡಲಾರದು.

ಹಾರ್ಮೋನ್ ಹೆಚ್ಚಾಗಿರುವ ಹೈಪರ್‌ಥೈರಾಯ್ಡ್‌ನವರೂ ಈ ಸಾಲಿಗೆ ಸೇರುತ್ತಾರೆ. ಅವರಿಗೆ ಕೊಡುವ ಕಾರ್ಬಿಮಜೋಲ್ ತಟ್ಟನೆ ಬಿಟ್ಟರೆ ಎದೆಬಡಿತ, ಜ್ವರ ಉಲ್ಬಣಿಸಿ ಅಪಾಯಕ್ಕೆ ಹೋಗಬಹುದು. ಈ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಜ್ವರ, ಗಂಟಲುನೋವು ಬಂದರೆ ‘ಎರಡು ಗುಳಿಗೆ ಹಾಕಿಕೊಂಡರಾಯಿತು’ ಎಂದು ಕಾಯಬೇಡಿ. ಅಪರೂಪಕ್ಕೆ ಈ ಮಾತ್ರೆಯಿಂದ ಬಿಳಿ ರಕ್ತಕಣಗಳು ಕುಸಿಯುವುದುಂಟು. ಅಂದೇ ರಕ್ತಪರೀಕ್ಷೆಯಾಗಬೇಕು.

ಇಬ್ಬರಿಗೂ ಹೇಳಿ

ಚಿಕ್ಕಮ್ಮ ಮತ್ತೆ ಮಾತ್ರೆ ಶುರು ಮಾಡಿದ ದಿನ ನಾನು ಜೊತೆಗಿದ್ದೆ. ಹಿರಿಯ ವೈದ್ಯರು ಗದರುತ್ತಾರೆಂದು ಆಕೆ ಸೆರಗಿನ ತುದಿ ಹಿಂಡುತ್ತ ಕೂತಿದ್ದರು. ವೈದ್ಯರು ಗದರಲಿಲ್ಲ. ‘ಅಮ್ಮಾ, ಗುಳಿಗೆ ತಗೊಳ್ಳಿ, ನಂಗೇನೂ ಬೇಜಾರಿಲ್ಲ. ಅದರ ಹೆಸರು ಬರೆಸ್ಕೊಂಡು ಬನ್ನಿ. ಆದ್ರೆ ಈ ಮಾತ್ರೆ ಬಿಡೋ ದಿನ ಮಾತ್ರ ನನ್ನನ್ನ ಕೇಳಿ’ ಎಂದರು. ಹೋಮಿಯೋಪತಿ ವೈದ್ಯರೂ ವಿಷಯ ತಿಳಿದು ನೊಂದುಕೊಂಡರು. ‘ನೀವು ಥೈರಾಯ್ಡ್ ಮಾತ್ರೆ ತಗೋತಿದ್ರಿ ಅಂತಲೇ ನಂಗೆ ಹೇಳ್ಲಿಲ್ವಲ್ಲ’ ಎಂದು ಸೀಸೆಯ ಮೇಲೆ ಹೆಸರು, ಶಕ್ತಿ ಎರಡನ್ನೂ ಬರೆದುಕೊಟ್ಟರು. ಇಬ್ಬರೂ ಒಳ್ಳೆಯವರೇ. ಒಬ್ಬರ ಸಂಗತಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಹತ್ತು ವಾರದಲ್ಲಿ ಟಿಎಸ್‌ಎಚ್ 5ಕ್ಕೆ ಇಳಿಯಿತು. ಸ್ವೆಟರ್ ಟ್ರಂಕಿನ ಒಳಗೆ ಹೋಯಿತು. ಬಳೆ ಮತ್ತೆ ಸಡಿಲವಾಯಿತು. ಈಗ ಬಿಳಿ ಡಬ್ಬಿ ಹಾಸಿಗೆಯ ಪಕ್ಕದಲ್ಲಿ, ನೀರಿನ ಚೊಂಬಿನ ಜೊತೆಗಿದೆ. ಗುಳಿಗೆಯ ಸೀಸೆ ದೇವರಮನೆಯ ಗೂಡಿನಲ್ಲಿದೆ, ಸಂಜೆ ದೀಪ ಹಚ್ಚಿದ ಮೇಲೆ ಅದರ ಸರದಿ.

ಓದುತ್ತಿರುವ ನಿಮ್ಮ ಮನೆಯಲ್ಲೂ ಎರಡು ಸೀಸೆಗಳಿದ್ದರೆ ಇಂದೇ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಎರಡರ ಹೆಸರನ್ನೂ ಬರೆದು, ಮುಂದಿನ ಸಲ ಇಬ್ಬರು ವೈದ್ಯರಿಗೂ ಅದೇ ಹಾಳೆಯನ್ನು ತೋರಿಸಿ. ಗುಳಿಗೆ ತೆಗೆದುಕೊಳ್ಳುವುದು ನಿಮ್ಮ ಇಷ್ಟ. ಥೈರಾಯ್ಡ್ ಮಾತ್ರೆಯನ್ನು ಮಾತ್ರ, ಬರೆದುಕೊಟ್ಟ ವೈದ್ಯರು ಹೇಳುವ ತನಕ, ಯಾರ ಮಾತು ಕೇಳಿಯೂ ಬಿಡಬೇಡಿ.